ಬೀಗರಿರುವ ಗ್ರೂಪಿನಲ್ಲಿ ಜಗಳ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹೊಸನಗರ ಕಡೆಯ ಅಡಿಕೆ ಬೆಳೆಗಾರರು, ಅರವತ್ತು ದಾಟಿದೆ. ಸಲಹೆ ಕೇಳಲು ಹೆಂಡತಿಯೇ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ರಾತ್ರಿ ಎರಡಾದರೂ ಕೈಯಲ್ಲಿ ಮೊಬೈಲು, ಬಿಪಿ ಜಾಸ್ತಿ, ಬೆಂಗಳೂರಿನಲ್ಲಿರುವ ಮಗನ ಜೊತೆ ಮಾತಿಲ್ಲ.

ಆಗಿದ್ದಿಷ್ಟು. ಮನೆಯವರ ವಾಟ್ಸಾಪ್ ಗ್ರೂಪಿಗೆ ಇವರೊಂದು ವಿಡಿಯೊ ಹಾಕಿದರು. ‘ಶಿವಮೊಗ್ಗದಲ್ಲಿ ಈಗ ನಡೀತಿದೆ’ ಅಂತ ಒಂದು ಧರ್ಮದವರನ್ನು ಬೈದು ಬರೆದಿತ್ತು. ಮಗ ಅಲ್ಲೇ ಉತ್ತರ ಕೊಟ್ಟ: ‘ಅಪ್ಪಾ, ತಲೆ ಇದ್ದವರು ಇಂಥದ್ದು ಕಳಿಸಲ್ಲ.’ ಅಳಿಯ ಮಾವನ ಪರ ನಿಂತರು, ಚಿಕ್ಕಪ್ಪನ ಮಗಳು ಅಣ್ಣನ ಪರ. ಬೆಳಗಾಗುವುದರೊಳಗೆ ಪಕ್ಷ, ಜಾತಿ, ಯಾವುದೋ ಹಳೇ ಆಸ್ತಿ ಪಾಲು, ಎಲ್ಲಾ ಹೊರಗೆ ಬಂತು.

ವಿಡಿಯೊ ತೋರಿಸಿ ಅಂದೆ. ಮೇಲೆ ಜೋಡಿ ಬಾಣದ ಗುರುತು, ಅಂದರೆ ಕೈಯಿಂದ ಕೈಗೆ ಸುಮಾರು ಸಲ ದಾಟಿ ಬಂದದ್ದು. ಇಬ್ಬರೂ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಒಂದು ಗಾಡಿಗೂ ಶಿವಮೊಗ್ಗದ ಕೆಎ 14 ನಂಬರಿಲ್ಲ. ಅಂಗಡಿ ಬೋರ್ಡುಗಳಲ್ಲಿ ಕನ್ನಡದ ಒಂದಕ್ಷರ ಇಲ್ಲ.

“ಮಾರನೇ ದಿನವೇ ಗೊತ್ತಾಯ್ತು ಮೇಡಂ. ಆದ್ರೆ ಬೀಗರೂ ಇದ್ದಾರಲ್ಲ ಗ್ರೂಪಲ್ಲಿ. ಹೆಂಗೆ ತೆಗೀಲಿ?”

ನನ್ನ ಪ್ರಕಾರ ಗಂಟು ಬಿದ್ದಿದ್ದು ಇಲ್ಲೇ. ನೋಡುವವರು ಜಾಸ್ತಿಯಾದಷ್ಟೂ ಸೋಲೊಪ್ಪುವುದು ಕಷ್ಟ. ಮಗ ಹೇಳಿದ್ದು ಸರಿ, ಹೇಳಿದ ಜಾಗ ಸರಿಯಿಲ್ಲ.

ಅಷ್ಟಕ್ಕೂ ಯಾಕೆ ಹಾಕಿದಿರಿ ಅಂತ ಕೇಳಿದೆ. ಮಗಳ ಮನೆ ಶಿವಮೊಗ್ಗದಲ್ಲಿ. 2022ರ ಫೆಬ್ರವರಿಯಲ್ಲಿ ಅಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಿದಾಗ ಮಗಳು ಮಗುವಿನ ಜೊತೆ ಒಬ್ಬಳೇ ಇದ್ದಳಂತೆ. 2023ರ ಅಕ್ಟೋಬರಿನಲ್ಲಿ ಅದೇ ಊರಿನ ರಾಗಿಗುಡ್ಡದ ಕಲ್ಲು ತೂರಾಟದ ಸುದ್ದಿ ಬಂದಾಗಲೂ ಇವರಿಗೆ ನಿದ್ದೆಯಿಲ್ಲ. ಈ ಹೆದರಿಕೆ ಸುಳ್ಳಲ್ಲ. ಆದರೆ ನೀವು ದಾಟಿಸಿದ ಸುಳ್ಳಿನಿಂದ ಇನ್ಯಾರದೋ ಮಗಳ ಮನೆಗೆ ಕಲ್ಲು ಬೀಳಬಹುದು ಅಂತ ನೇರವಾಗಿಯೇ ಹೇಳಿದೆ. ಸುಮ್ಮನಾದರು.

ಎಲ್ಲರ ಮೊಬೈಲಿನಿಂದ ಅಳಿಸಲು ವಾಟ್ಸಾಪ್ ಕೊಡುವ ಅವಧಿ ಎರಡು ದಿನ ಚಿಲ್ಲರೆ, ಅದು ಮುಗಿದಿತ್ತು. ಹಾಗಾಗಿ ‘ಇದು ನಮ್ಮ ಊರಿನದ್ದಲ್ಲ, ಯಾರೂ ಮುಂದೆ ಕಳಿಸಬೇಡಿ’ ಅಂತ ಒಂದೇ ಸಾಲು ಬರೆಯಿರಿ, ಕ್ಷಮೆ, ವಿವರಣೆ ಏನೂ ಬೇಡ ಅಂದೆ. ಇನ್ನು ಮೇಲೆ ಊರಿನ ಗಲಾಟೆ ಸುದ್ದಿ ಬಂದರೆ ಮೊದಲು ಮಗಳಿಗೆ ಫೋನ್ ಮಾಡಿ. ಮಲಗುವಾಗ ಮೊಬೈಲು ಜಗಲಿಯಲ್ಲೇ ಚಾರ್ಜಿಗೆ ಇರಲಿ. ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ಅಪ್ಪನನ್ನು ತಿದ್ದುವುದಾದರೆ ಅಪ್ಪನಿಗೇ ಫೋನ್ ಮಾಡು. ‘ತಲೆ ಇದ್ದವರು’ ಅಂದಿದ್ದಕ್ಕೆ ಮಾತ್ರ ತಪ್ಪಾಯ್ತು ಅನ್ನು, ನಿನ್ನ ಅಭಿಪ್ರಾಯ ಬಿಡಬೇಕಿಲ್ಲ.

ಅಪ್ಪ ಆ ಸಾಲು ಬರೆದರು. ಅಳಿಯ ಇನ್ನೂ ಮುನಿಸಿಕೊಂಡಿದ್ದಾರೆ. ಅಡಿಕೆ ಕೊಯ್ಲಿಗೆ ಮಗ ಊರಿಗೆ ಬಂದಿದ್ದನಂತೆ. ವೋಟಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಿಂಚೂ ಕದಲಿಲ್ಲ, ಅದು ನನ್ನ ಕೆಲಸವೂ ಅಲ್ಲ.