ಮಾರ್ಫಿನ್ ಕೊಡಲು ಭಯವಾಗುತ್ತಿದೆ ಅಂದವರಿಗೆ

ಸಿಸ್ಟರ್, ಕೋರ್ಸ್ ಮುಗಿಸಿ ಈಗಷ್ಟೇ ಕ್ಯಾನ್ಸರ್ ವಾರ್ಡಿಗೆ ಬಂದಿದ್ದೀರಿ. ನೈಟ್ ಡ್ಯೂಟಿಯಲ್ಲಿ ನಾನು ಮಾರ್ಫಿನ್ (ತೀವ್ರ ನೋವಿಗೆ ಕೊಡುವ ಬಲವಾದ ಔಷಧಿ) ಕೊಟ್ಟ ಮೇಲೆ ರೋಗಿ ಹೋಗಿಬಿಟ್ಟರೆ ಅದು ನನ್ನ ಕೈಯಿಂದಲೇ ಆಯ್ತಾ ಅಂತ ಕೇಳಿದ್ದೀರಿ.

ಇಲ್ಲ. ನೋವಿಗೆ ತಕ್ಕಂತೆ ಡಾಕ್ಟರು ನಿಧಾನವಾಗಿ ಏರಿಸಿ ಬರೆದ ಡೋಸ್ ಸಾವನ್ನು ಹತ್ತಿರ ತರುವುದಿಲ್ಲ. ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ. ಹಾಗಾಗಿ ಕೊಡುವ ಮುಂಚೆ ಹೆಸರು ಹಿಡಿದು ಮಾತಾಡಿಸಿ, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಚಾರ್ಟಿನಲ್ಲಿ ಬರೆಯಿರಿ. ಅಲುಗಿಸಿದರೂ ಏಳದಿದ್ದರೆ ಡೋಸ್ ತಡೆದು ಡ್ಯೂಟಿ ಡಾಕ್ಟರನ್ನು ಕರೆಸಿ. ಕಿಡ್ನಿ ಕೆಟ್ಟವರಲ್ಲಿ ಮಂಪರು ಬೇಗ ಏರುತ್ತದೆ, ಅಲ್ಲಿ ಕಣ್ಣಿರಲಿ.

ಮಾರ್ಫಿನ್‌ನ ಮಾಮೂಲಿ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. "ನೋವು ಅಂದಾಗ ಕೊಟ್ಟರಾಯ್ತು" ಅಂತ ಕೂರಬೇಡಿ, ಬರೆದ ಹೊತ್ತಿಗೆ ಕೊಡಿ. ವಾಕರಿಕೆ ಕೆಲವು ದಿನಕ್ಕೆ ಇಳಿಯುತ್ತದೆ, ಮಲಬದ್ಧತೆ ಇಳಿಯುವುದಿಲ್ಲ. ಮಲ ಸಲೀಸಾಗಿ ಹೋಗಿಸುವ ಬಿಸಾಕೋಡಿಲ್‌ನಂಥದ್ದನ್ನು ಮೊದಲ ದಿನವೇ ಬರೆಸಿಕೊಳ್ಳಿ. ರೌಂಡ್ಸ್ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ!

ಕೊನೇ ಗಳಿಗೆಯಲ್ಲಿ ಕೆಲವರ ಗಂಟಲು ಗೊರಗೊರ ಅನ್ನುತ್ತದೆ, ಮನೆಯವರು ಕಂಗಾಲಾಗುತ್ತಾರೆ. ಪದೇಪದೇ ಸಕ್ಷನ್ (ಕೊಳವೆ ಹಾಕಿ ಕಫ ಎಳೆಯುವುದು) ಬೇಡ. ಮಗ್ಗುಲಿಗೆ ಮಲಗಿಸಿ, ಒದ್ದೆ ಹತ್ತಿಯಿಂದ ತುಟಿ ಒರೆಸಿ. ಆ ಹತ್ತಿಯನ್ನು ಮನೆಯವರ ಕೈಗೇ ಕೊಡಿ, ಸುಮ್ಮನೆ ನೋಡುತ್ತಾ ನಿಲ್ಲುವುದಕ್ಕಿಂತ ಅವರಿಗೂ ಹಗುರ.

ತರಬೇತಿ ಬೇಕೆಂದರೆ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಲ್ಲಿ ವಿಚಾರಿಸಿ. ನೋವು ಶಮನದ ಆರೈಕೆಗೆ ದುಡಿಯುವ ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಸಂಸ್ಥೆ ಆನ್‌ಲೈನ್ ಕೋರ್ಸ್‌ಗಳನ್ನೂ ನಡೆಸುತ್ತದೆ.