ಈ ಸರ್ಟಿಫಿಕೇಟ್ ಯಾವ ಕೆಲಸಕ್ಕೆ, ಯಾರಿಗೋಸ್ಕರ?

(ಹೆಸರು, ಕೆಲಸದ ಜಾಗ, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ವೀಣಾ ನರ್ಸ್. ಡಯಾಬಿಟಿಸ್ ಇರುವವರ ಹೊರರೋಗಿ ವಿಭಾಗದಲ್ಲಿ ತುಂಬಾ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ನನ್ನ ಹತ್ತಿರ ಸಲಹೆಗೆ ಬಂದು ಕೂತವರೇ ನೇರವಾಗಿ ಕೇಳಿದರು: "ಮೇಡಂ, ಬಿಹೇವಿಯರಲ್ ಹೆಲ್ತ್‌ನಲ್ಲಿ ಗ್ರಾಜುಯೇಟ್ ಸರ್ಟಿಫಿಕೇಟ್ ಮಾಡ್ಬೇಕು ಅಂತಿದ್ದೀನಿ. ಮನೇಲಿ ಯಾರೂ ಒಪ್ತಿಲ್ಲ. ಮಾಡ್ಲಾ, ಬೇಡ್ವಾ?"

ಬಿಹೇವಿಯರಲ್ ಹೆಲ್ತ್ ಎಂದರೆ ಮಾನಸಿಕ ಆರೋಗ್ಯ, ವ್ಯಸನದಂಥ ತೊಂದರೆಗಳ ಆರೈಕೆ; ಗ್ರಾಜುಯೇಟ್ ಸರ್ಟಿಫಿಕೇಟ್ ಎಂದರೆ ಪದವಿ ಆದವರು ಮಾಡುವ ಸಣ್ಣ ಕೋರ್ಸ್. ಆ ತೀರ್ಮಾನ ಅವರದೇ ಆಗಬೇಕು ಎಂದೆ. ಈ ಆಸೆ ಹುಟ್ಟಿದ್ದು ಹೇಗೆ ಎಂದು ಮೊದಲು ಹೇಳಿಸಿದೆ.

ಅವರ ವಿಭಾಗದಲ್ಲಿ ಪ್ರತಿ ರೋಗಿಗೂ ಪಿಎಚ್‌ಕ್ಯೂ-9 ಎಂಬ ಫಾರಂ ತುಂಬಿಸುತ್ತಾರೆ. ಖಿನ್ನತೆ ಇದೆಯೇ ಎಂದು ಅಂದಾಜು ಮಾಡುವ ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರ ಹೇಗಿತ್ತು ಎಂದು ಕೇಳಿ, ಪ್ರತಿ ಉತ್ತರಕ್ಕೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಎಲ್ಲ ಸೇರಿ ಹೆಚ್ಚೆಂದರೆ 27. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಒಂಬತ್ತನೆಯ ಪ್ರಶ್ನೆ ಸಾವಿನ ಬಗ್ಗೆ. ಸತ್ತರೇ ಒಳ್ಳೆಯದು ಅನ್ನಿಸಿದೆಯಾ, ನಿಮಗೆ ನೀವೇ ಹಾನಿ ಮಾಡಿಕೊಳ್ಳಬೇಕು ಅನ್ನಿಸಿದೆಯಾ ಎಂದು ಕೇಳಬೇಕು.

"ಅಲ್ಲಿಗೆ ಬಂದಾಗ ನಾನು ರೋಗಿಯ ಮುಖ ನೋಡಲ್ಲ ಮೇಡಂ," ಎಂದರು ವೀಣಾ. "ಪೆನ್ನು ನೋಡ್ತೀನಿ. ಬೇಗ ಬೇಗ ಓದಿ 'ಹಾಗೇನೂ ಇಲ್ಲ ಅಲ್ವಾ?' ಅಂತ ಕೇಳ್ಬಿಡ್ತೀನಿ. ಎಲ್ರೂ ಇಲ್ಲ ಅಂತಾರೆ. ಒಬ್ರು ಹೂಂ ಅಂದ್ಬಿಟ್ರೆ ಏನು ಮಾಡ್ಲಿ ಅನ್ನೋ ಭಯ."

ಇದಕ್ಕಿಂತ ಪ್ರಾಮಾಣಿಕ ಕಾರಣ ಬೇಕೇ? ಆದರೆ ಈ ಒಂದು ವಿಷಯ ಕೋರ್ಸ್ ಸೇರುವವರೆಗೆ ಕಾಯುವಂಥದ್ದಲ್ಲ. ಅಲ್ಲಿಯೇ ಮಾತಾಡಿದೆವು. 'ಇಲ್ಲ ಅಲ್ವಾ' ಎಂದು ಕೇಳಿದರೆ ರೋಗಿಗೆ ಇಲ್ಲ ಅನ್ನದೆ ಬೇರೆ ದಾರಿಯೇ ಇರುವುದಿಲ್ಲ. ಪೆನ್ನು ಕೆಳಗಿಟ್ಟು, ಮುಖ ನೋಡಿ, ಪ್ರಶ್ನೆ ಹೇಗಿದೆಯೋ ಹಾಗೇ ನಿಧಾನವಾಗಿ ಕೇಳಿ ಎಂದೆ. ಕೇಳಿದ್ದರಿಂದ ಆ ಯೋಚನೆ ಯಾರ ತಲೆಗೂ ಹೊಸದಾಗಿ ಹೋಗುವುದಿಲ್ಲ. ಎಷ್ಟೋ ಜನಕ್ಕೆ ಯಾರೋ ಒಬ್ಬರು ಕೇಳಿದರಲ್ಲ ಎಂದು ಹಗುರವಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಆಗಲೇ ಡಾಕ್ಟರಿಗೆ ತಿಳಿಸಿ. ಮುಂದೆ ಯಾರು ಏನು ಮಾಡಬೇಕು ಎಂದು ವಿಭಾಗದಲ್ಲಿ ಮೊದಲೇ ಬರೆದಿಟ್ಟಿರಲಿ.

ಆಮೇಲೆ ಕೋರ್ಸಿನ ಮಾಹಿತಿಪತ್ರ ತೆಗೆದರು. ಇದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾದರಿ: ಪದವಿ ಆದವರಿಗೆ ನಾಲ್ಕೈದು ವಿಷಯಗಳು, ಹೆಚ್ಚುಕಡಿಮೆ 12ರಿಂದ 18 ಕ್ರೆಡಿಟ್ (ಓದು ಎಷ್ಟು ಎಂದು ಅಳೆಯುವ ಲೆಕ್ಕ). ತಪಾಸಣೆ, ವ್ಯಸನ, ಬಿಕ್ಕಟ್ಟಿನಲ್ಲಿ ನೆರವು, ವೈದ್ಯರ ತಂಡದ ಜೊತೆ ಸೇರಿ ಕೆಲಸ ಮಾಡುವುದು ಇತ್ಯಾದಿ. ವೀಣಾ ಅವರ ಕನಸು ಇದಕ್ಕಿಂತ ದೊಡ್ಡದಿತ್ತು. ಕೋರ್ಸ್ ಮುಗಿಸಿ ಸ್ವಂತ ಕೌನ್ಸೆಲಿಂಗ್ ಕೊಠಡಿ ತೆರೆಯಬೇಕು ಅಂದುಕೊಂಡಿದ್ದರು. ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಎಂದೆ. ಈ ಕೋರ್ಸಿನಿಂದಲೇ ವೃತ್ತಿ ಪರವಾನಗಿ ಸಿಗುವುದಿಲ್ಲ ಎಂದು ಅಲ್ಲಿತ್ತು. ಅವರು ಆ ಸಾಲನ್ನು ಎರಡು ಸಲ ಓದಿದರು.

ಅಮೆರಿಕದಲ್ಲಿ ಪರವಾನಗಿ ಇರುವ ಕೌನ್ಸೆಲರ್ ಆಗಲು ಸ್ನಾತಕೋತ್ತರ ಪದವಿ ಬೇಕು. ಅದು ಸಾಮಾನ್ಯವಾಗಿ 60 ಕ್ರೆಡಿಟ್ ಹತ್ತಿರ. ಅದಾದ ಮೇಲೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ ನೂರಾರು ಅಲ್ಲ, ಸಾವಿರಾರು ಗಂಟೆ ಕೆಲಸ. ಸರ್ಟಿಫಿಕೇಟ್‌ಗೆ ಬೆಲೆಯಿಲ್ಲ ಎಂದು ಇದರರ್ಥವಲ್ಲ. ಈಗಾಗಲೇ ನರ್ಸ್, ಶಿಕ್ಷಕಿ, ಸಮಾಜ ಕಾರ್ಯಕರ್ತೆ ಆಗಿರುವವರ ಕೈಗೆ ಅದು ಇನ್ನಷ್ಟು ಬಲ ಕೊಡುತ್ತದೆ. ವೀಣಾ ಅವರ ವಿಭಾಗದಲ್ಲಂತೂ ಇದು ಬೇಕೇ ಬೇಕು. ಮನಸ್ಸು ಕುಗ್ಗಿದವರು ಮಾತ್ರೆ, ಊಟ, ನಡಿಗೆ ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಸಕ್ಕರೆ ಏರುವುದು ಆಗಲೇ.

ಎರಡನೇ ಭೇಟಿಯಲ್ಲಿ ಇನ್ನೊಂದು ಕಾರಣ ಹೊರಬಂತು. ಅವರ ತಮ್ಮ ಕುಡಿಯುತ್ತಾರೆ. "ವ್ಯಸನದ ಪೇಪರ್ ಇದೆ ಮೇಡಂ. ಓದಿದ್ರೆ ಅವನ ಹತ್ರ ಹೇಗೆ ಮಾತಾಡ್ಬೇಕು ಅಂತಾದ್ರೂ ಗೊತ್ತಾಗುತ್ತೆ." ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಆ ಪೇಪರಿನಲ್ಲಿ ಏನು ಕಲಿಸುತ್ತಾರೆ ಎಂದು ಹೇಳಿದೆ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ವಿಧಾನ ಹುಟ್ಟಿದ್ದೇ ಕುಡಿತದ ಸಮಸ್ಯೆ ಇದ್ದವರ ಜೊತೆಗಿನ ಕೆಲಸದಿಂದ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಅದರ ಬಗ್ಗೆ ಮೊದಲು ಬರೆದರು. ಆಮೇಲೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ನೀನು ಬಿಡಲೇಬೇಕು ಎಂದು ಒತ್ತಿದಷ್ಟೂ ಎದುರಿನವರು ಕುಡಿತದ ಪರವಾಗಿಯೇ ವಾದ ಮಾಡುತ್ತಾರೆ. ಬಿಡಲು ಕಾರಣ ಅವರ ಬಾಯಿಂದಲೇ ಬರುವಂತೆ ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಇಷ್ಟು ತಿಳಿದಿದ್ದರೆ ಜಗಳ ಕಡಿಮೆಯಾಗಬಹುದು. ಆದರೆ ಅಕ್ಕ ಸಲಹೆಗಾರ್ತಿ ಆಗಲು ಹೋಗಬಾರದು. ಸಲಹೆ, ಚಿಕಿತ್ಸೆ ಕೊಡುವ ನಮ್ಮ ವೃತ್ತಿಯಲ್ಲಿ ಮನೆಯವರಿಗೆ ನಾವೇ ಚಿಕಿತ್ಸೆ ಕೊಡದಿರುವುದು ನಿಯಮ, ಮತ್ತು ಅದು ಒಳ್ಳೆಯ ನಿಯಮ. ತಮ್ಮ ಮತ್ತೆ ಕುಡಿದ ದಿನ ವೀಣಾ ಅದನ್ನು ತನ್ನ ಓದಿನ ಸೋಲು ಎಂದುಕೊಳ್ಳುತ್ತಾರೆ ಎಂಬ ಆತಂಕ ನನಗೆ ಜಾಸ್ತಿ ಇತ್ತು.

ತಮ್ಮನಿಗೆ ಬೇರೆ ವೈದ್ಯರು, ಅದೂ ಈಗಲೇ ಎಂದೆ. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಹಾಗಾಗಿ ಮನೆಯವರು ಸುಮ್ನೆ ಬಾಟಲಿ ಕಸಿದುಕೊಂಡು ಬಿಡಿಸಲು ಹೋಗಬಾರದು. ವೀಣಾ ಅವರಿಗೂ ಕುಡಿಯುವವರ ಮನೆಯವರಿಗಾಗಿಯೇ ಇರುವ ಅಲ್-ಅನಾನ್‌ನಂಥ ಗುಂಪಿಗೆ ಹೋಗಿ ನೋಡಿ ಎಂದೆ.

ಕೋರ್ಸಿನ ವಿಷಯಕ್ಕೆ ಬಂದರೆ, ದುಡ್ಡು ಕಟ್ಟುವ ಮೊದಲು ಕಾಲೇಜಿಗೆ ಪತ್ರ ಬರೆಯಲು ಹೇಳಿದೆ. ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ ಕೆಲಸ ಮಾಡುವ ಅವಕಾಶ ಇದೆಯೇ, ಬರೀ ಓದುವುದೇ? ಮುಂದೆ ಸ್ನಾತಕೋತ್ತರ ಮಾಡಿದರೆ ಈ ಕ್ರೆಡಿಟ್ ಅದಕ್ಕೆ ಸೇರುತ್ತವೆಯೇ? ನಾನಿರುವ ಕಡೆಯ ವೃತ್ತಿ ಮಂಡಳಿ ಇದನ್ನು ಒಪ್ಪುತ್ತದೆಯೇ? ಮೂರನೆಯದನ್ನು ಕಾಲೇಜಿನ ಮಾತಿನ ಮೇಲೆ ಬಿಡದೆ ಮಂಡಳಿಯನ್ನೇ ಕೇಳಬೇಕು. ಆಸ್ಪತ್ರೆಯಲ್ಲೂ ಒಂದು ಮಾತು ಕೇಳಿ ಎಂದೆ: ಇದು ಮುಗಿದ ಮೇಲೆ ನನ್ನ ಕೆಲಸದಲ್ಲಿ, ಸಂಬಳದಲ್ಲಿ ಏನು ಬದಲಾಗುತ್ತದೆ? ಉತ್ತರ ಬರಹದಲ್ಲಿ ಇರಲಿ.

ರಾತ್ರಿ ಪಾಳಿಯ ನಡುವೆ ಓದು ಸಾಧ್ಯವೇ ಎಂಬ ಅನುಮಾನ ಅವರಿಗೂ ಇತ್ತು. ಅದಕ್ಕೆ ಮೊದಲು ಒಂದೇ ವಿಷಯಕ್ಕೆ ಸೇರಿ ನೋಡುವುದು ಎಂದಾಯಿತು.

ವೀಣಾ ಈಗ ಆ ಒಂದು ವಿಷಯ ಓದುತ್ತಿದ್ದಾರೆ. ಅದನ್ನು ಮುಗಿಸಿ ಉಳಿದದ್ದರ ಬಗ್ಗೆ ಯೋಚಿಸುತ್ತಾರಂತೆ. ತಮ್ಮ ಒಮ್ಮೆ ವೈದ್ಯರನ್ನು ನೋಡಿ ಬಂದಿದ್ದಾರೆ, ಇನ್ನೂ ಪೂರ್ತಿ ಒಪ್ಪಿಲ್ಲ. ಒಂಬತ್ತನೆಯ ಪ್ರಶ್ನೆಗೆ ಹೌದು ಅಂದರೆ ಯಾರನ್ನು ಕರೆಯಬೇಕು ಎಂಬ ಚೀಟಿ ಅವರ ವಿಭಾಗದ ಪ್ರತಿ ಮೇಜಿನ ಮೇಲೂ ಅಂಟಿಸಿದ್ದಾರೆ.