ಮೆಡಿಕಲ್ ಶಾಪಿನವರು ಸೂಜಿ ಹಿಡಿಯಬಾರದೇ?

ಶಿರಸಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಕಾಗದ ಉದ್ದವಾಗಿದೆ, ಸಾರ ಇಷ್ಟು: "ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಫ್ಲೂ ಲಸಿಕೆ ಹಾಕಿಸುತ್ತೇನೆ ಅಂತ ಅವಳು ಕರೆದುಕೊಂಡು ಹೋಗಿದ್ದು ಆಸ್ಪತ್ರೆಗಲ್ಲ, ಔಷಧಿ ಅಂಗಡಿಗೆ. ಶಾಂಪೂ, ಚಿಪ್ಸ್ ಸಾಲು ದಾಟಿ ಹಿಂದೆ ಹೋದರೆ ಒಂದು ಕುರ್ಚಿ. ಎದೆ ಮೇಲೆ ಫಾರ್ಮಸಿಸ್ಟ್ ಅಂತ ಬಿಲ್ಲೆ ಹಾಕಿಕೊಂಡ ಅಂಗಡಿ ಹುಡುಗಿಯೇ ಬಂದು ಚುಚ್ಚಿದಳು. ಡಾಕ್ಟರ ಸುಳಿವೇ ಇಲ್ಲ. ನಮ್ಮಲ್ಲೂ ಹೀಗೆ ಮಾಡಬೇಕು ಅಂತ ಕೆಲವರು ಹೇಳುತ್ತಿದ್ದಾರಂತೆ. ಮಾತ್ರೆ ಮಾರುವವನ ಕೈಗೆ ಸೂಜಿ ಕೊಟ್ಟರೆ ನಮ್ಮ ಗತಿ ಏನು? ತಾವು ಇದನ್ನು ವಿರೋಧಿಸಿ ಬರೆಯಬೇಕು."

ಮೇಷ್ಟ್ರೇ, ನಾನು ಬರೆಯಲಾರೆ. ನನ್ನ ಅಭಿಪ್ರಾಯ ಪೂರ್ತಿ ಎದುರು ದಿಕ್ಕಿನದು. ತರಬೇತಿ ಪಡೆದ ನೋಂದಾಯಿತ ಫಾರ್ಮಸಿಸ್ಟ್‌ಗೆ ಲಸಿಕೆ ಹಾಕುವ ಅಧಿಕಾರವನ್ನು ನಮ್ಮ ಕಾನೂನು ಕೊಡಬೇಕು. ಎಷ್ಟೋ ಹಿಂದೆಯೇ ಕೊಡಬೇಕಿತ್ತು.

ಮೊದಲು ಆ 'ಅಂಗಡಿ ಹುಡುಗಿ'ಯ ವಿಷಯ. ಅಮೆರಿಕದಲ್ಲಿ ಈಗ ಫಾರ್ಮಸಿಸ್ಟ್ ಆಗಬೇಕಾದರೆ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬೇಕು. ಕಾಲೇಜಿನ ಆರಂಭದ ವರ್ಷಗಳು ಮುಗಿದ ಮೇಲೆ ಸಾಮಾನ್ಯವಾಗಿ ಇನ್ನೂ ನಾಲ್ಕು ವರ್ಷದ ಓದು. ಲಸಿಕೆ ಹಾಕಲು ಬೇರೆಯೇ ತರಬೇತಿ. ನೀವು ಇಡೀ ಆಯುಷ್ಯ ಮಕ್ಕಳಿಗೆ ಓದು ಕಲಿಸಿದವರು. ಇಷ್ಟು ಓದಿದ ಹೆಣ್ಣುಮಗಳನ್ನು ಅಂಗಡಿ ಹುಡುಗಿ ಅಂತ ಕರೆದಿರಲ್ಲ, ಅದು ನನಗೆ ನಿಜವಾಗಿ ಬೇಸರ ತಂದಿತು.

ಅಲ್ಲಿ ಇದು ನಿನ್ನೆ ಮೊನ್ನೆ ಬಂದ ಪದ್ಧತಿಯೂ ಅಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 1990ರ ದಶಕದ ನಡುವಿನಲ್ಲಿ ಶುರುವಾಯಿತು. ಒಂದೊಂದೇ ರಾಜ್ಯ ತನ್ನ ಕಾನೂನು ತಿದ್ದಿಕೊಂಡಿತು. 2009ರ ಹೊತ್ತಿಗೆ 50 ರಾಜ್ಯಗಳಲ್ಲೂ ಫಾರ್ಮಸಿಸ್ಟರು ಫ್ಲೂ ಲಸಿಕೆ ಹಾಕಬಹುದು ಅಂತಾಯಿತು. ವೈದ್ಯರ ಸಂಘಗಳು ಅಲ್ಲೂ ಸುಮ್ಮನಿರಲಿಲ್ಲ. ಆದರೂ ಜನ ಹೋದರು. ಈಚಿನ ವರ್ಷಗಳಲ್ಲಿ ಅಲ್ಲಿನ ದೊಡ್ಡವರು ಡಾಕ್ಟರ ಕ್ಲಿನಿಕ್ಕಿಗಿಂತ ಜಾಸ್ತಿ ಔಷಧಿ ಅಂಗಡಿಯಲ್ಲೇ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತಿದ್ದಾರೆ. ಕೋವಿಡ್ ಬಂದಾಗ, 2020ರ ಆಗಸ್ಟ್‌ನಲ್ಲಿ, 3ರಿಂದ 18 ವರ್ಷದ ಮಕ್ಕಳಿಗೂ ಫಾರ್ಮಸಿಸ್ಟರು ಲಸಿಕೆ ಹಾಕಬಹುದು ಅಂತ ಅಲ್ಲಿನ ಕೇಂದ್ರ ಸರ್ಕಾರವೇ ಹೇಳಿತು. ಕೆನಡಾದ ಆಲ್ಬರ್ಟಾ, ಪೋರ್ಚುಗಲ್, ಐರ್ಲೆಂಡ್, ಇಂಗ್ಲೆಂಡ್ ಎಲ್ಲ ಇದೇ ದಾರಿ ಹಿಡಿದಿವೆ. ಫ್ರಾನ್ಸ್ 2017ರಲ್ಲಿ ಎರಡು ಪ್ರಾಂತ್ಯಗಳಲ್ಲಿ ಮಾಡಿ ನೋಡಿತು, 2019ರಲ್ಲಿ ದೇಶಕ್ಕೆಲ್ಲ ಹರಡಿತು.

ಅಮೆರಿಕ ಮಾಡಿತು ಅಂತ ನಾವೂ ಮಾಡಬೇಕೆ ಅಂತ ನೀವು ಕೇಳಬಹುದು. ಬೇಡ, ಅಮೆರಿಕ ಬಿಡಿ. ನಿಮ್ಮ ಊರಿನ ಅಂಗನವಾಡಿಗೇ ಹೋಗೋಣ. ಅಲ್ಲಿ ಮಗುವಿಗೆ ಲಸಿಕೆ ಹಾಕುವವರು ಯಾರು? ಎಎನ್‌ಎಂ ಸಿಸ್ಟರ್. ಪಿಯುಸಿ ಆದಮೇಲೆ ಎರಡು ವರ್ಷದ ತರಬೇತಿ ಪಡೆದವರು. ಒಂದೂವರೆ ತಿಂಗಳ ಕೂಸಿನ ತೊಡೆಗೆ ಸೂಜಿ ಹಾಕುತ್ತಾರೆ. ಕ್ಷಯದ ಲಸಿಕೆ ಬಿಸಿಜಿಯಂತೂ ಚರ್ಮದ ಪದರದೊಳಗೇ ಹೋಗಬೇಕು, ಸ್ವಲ್ಪ ಆಳಕ್ಕಿಳಿದರೂ ತಪ್ಪು. ಅದನ್ನೂ ಲೀಲಾಜಾಲವಾಗಿ ಹಾಕುತ್ತಾರೆ. ಒಬ್ಬ ತಾಯಿಯೂ "ಡಾಕ್ಟ್ರು ಎಲ್ಲಿ?" ಅಂತ ಕೇಳುವುದಿಲ್ಲ. ಅದೇ ಪಿಯುಸಿ ಮೇಲೆ ಎರಡು ವರ್ಷ ಡಿ.ಫಾರ್ಮ್ ಓದಿ, 500 ಗಂಟೆ ಪ್ರಾಯೋಗಿಕ ತರಬೇತಿ ಮುಗಿಸಿದವರು ಒಬ್ಬ ಗಟ್ಟಿಮುಟ್ಟಾದ ಗಂಡಸಿನ ತೋಳು ಮುಟ್ಟುವ ಹಾಗಿಲ್ಲ. ನಾಲ್ಕು ವರ್ಷದ ಬಿ.ಫಾರ್ಮ್ ಓದಿದವರೂ ಮುಟ್ಟುವ ಹಾಗಿಲ್ಲ. ಆರು ವರ್ಷದ ಫಾರ್ಮ್.ಡಿ. ನಮ್ಮಲ್ಲೂ 2008ರಿಂದ ಇದೆ, ಅವರಿಗೂ ಇಲ್ಲ. ಇದರಲ್ಲಿ ಏನಾದರೂ ತರ್ಕ ಕಾಣುತ್ತದೆಯೇ ಮೇಷ್ಟ್ರೇ?

ಮನೆಮನೆಯಲ್ಲಿ ಇನ್ಸುಲಿನ್ ನೋಡಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು ಬೆಳಿಗ್ಗೆ ಸಂಜೆ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ತಾವೇ ಚುಚ್ಚಿಕೊಳ್ಳುತ್ತಾರೆ. ಯಜಮಾನರಿಗೆ ಹೆಂಡತಿ ಕೊಡುತ್ತಾರೆ, ಅತ್ತೆಗೆ ಸೊಸೆ ಕೊಡುತ್ತಾಳೆ. ಡಾಕ್ಟರೇ ಹೇಳಿಕೊಟ್ಟು ಕಳಿಸುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಆ ಇನ್ಸುಲಿನ್ ಮಾರಿದ ಫಾರ್ಮಸಿಸ್ಟ್‌ಗೆ ಮಾತ್ರ ಚುಚ್ಚುವ ಅಧಿಕಾರ ಇಲ್ಲ.

ಇನ್ನು ಸಿಡುಬಿನ ಕತೆ. ನಿಮ್ಮ ತೋಳಿನ ಮೇಲೆ ಗುಂಡಗೆ, ಸ್ವಲ್ಪ ಗುಳಿ ಬಿದ್ದ ಕಲೆ ಇದ್ದೇ ಇರುತ್ತದೆ, ನಿಮ್ಮ ವಯಸ್ಸಿನವರಿಗೆಲ್ಲ ಇದೆ. ಅದು ಸಿಡುಬಿನ ಲಸಿಕೆಯ ಗುರುತು. ಆ ಲಸಿಕೆ ಹಾಕಿದವರು ಎಂಬಿಬಿಎಸ್ ಡಾಕ್ಟರಾಗಿರುವುದು ಅಪರೂಪ. ದಾಕು, ಅಂದರೆ ಆ ಲಸಿಕೆ, ಹಾಕುವವರು ಊರೂರು ಸುತ್ತುತ್ತಿದ್ದರು. ಮಕ್ಕಳು ಹೆದರಿ ಅಟ್ಟ ಹತ್ತುತ್ತಿದ್ದವು, ಕಣಜದ ಹಿಂದೆ ಅಡಗುತ್ತಿದ್ದವು. ಕೊನೆಕೊನೆಗೆ ತುದಿ ಕವಲೊಡೆದ ಸಣ್ಣ ಸೂಜಿ ಬಂತು. ಸ್ವಲ್ಪ ಹೊತ್ತು ಹೇಳಿಕೊಟ್ಟರೆ ಓದು ಬಾರದವರೂ ಅದರಲ್ಲಿ ಲಸಿಕೆ ಹಾಕಬಹುದಿತ್ತು. ಭಾರತದ ಕೊನೆಯ ಸಿಡುಬು ರೋಗಿ ಸಿಕ್ಕಿದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಸಿಡುಬುಮುಕ್ತ ಅಂತ ಘೋಷಣೆಯಾಯಿತು. ಮನುಷ್ಯ ಪೂರ್ತಿ ಅಳಿಸಿಹಾಕಿದ ಮೊದಲ ರೋಗ ಅದು. ಅದನ್ನು ಅಳಿಸಿದ್ದು ಬಹುಮಟ್ಟಿಗೆ ಡಾಕ್ಟರಲ್ಲದವರ ಕೈಗಳು.

ನಮ್ಮ ಮೈಸೂರಿಗೂ ಇದರಲ್ಲಿ ಪಾಲಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬಿಡಿಸಿದ ಒಂದು ಚಿತ್ರದಲ್ಲಿ ಅರಮನೆಯ ಮೂವರು ಹೆಂಗಸರಿದ್ದಾರೆ. ಅವರಲ್ಲಿ ಒಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಆಗ ಲಸಿಕೆ ಭಾರತಕ್ಕೆ ಬಂದು ಮೂರೇ ವರ್ಷ. ರಾಣಿವಾಸದವರೇ ಹೆದರದೆ ತೋಳು ಕೊಟ್ಟ ನಾಡಿದು.

ಈಗ ನಮ್ಮ ಕಚೇರಿಯ ಒಂದು ಸಂಗತಿ. ಪತ್ರಿಕೆಯ ಕಟ್ಟು ಕಟ್ಟುವ ಹೆಂಗಸೊಬ್ಬರಿಗೆ ನಾಯಿ ಕಚ್ಚಿತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಗಾಯ ನೋಡಿದರು, ಸೋಪು ಹಾಕಿ ಚೆನ್ನಾಗಿ ತೊಳೆಸಿದರು, ಮಾಡಬೇಕಾದ್ದೆಲ್ಲ ಮಾಡಿ ಲಸಿಕೆ ಚೀಟಿ ಬರೆದರು. ಮೊದಲ ದಿನದ್ದು, ಆಮೇಲೆ 3, 7, 14, 28ನೇ ದಿನದ್ದು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲಿನದು ಕೇಳಿ. ಪ್ರತಿ ಸಲವೂ ಅವರು ಮೆಡಿಕಲ್ ಶಾಪಿಗೆ ಹೋಗಬೇಕು, ಲಸಿಕೆ ಕೊಳ್ಳಬೇಕು. ಫಾರ್ಮಸಿಸ್ಟ್ ಅದನ್ನು ಫ್ರಿಜ್ಜಿನಿಂದ ತೆಗೆದು ಒಂದು ಐಸ್ ತುಂಡಿನ ಜತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದರೆ "ಡಾಕ್ಟ್ರು ಏಳು ಗಂಟೆಗೆ ಬರ್ತಾರೆ, ಕೂತಿರಿ." ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ. ಕವರಿನೊಳಗೆ ಐಸ್ ಕರಗಿ ನೀರಾಗಿ, ಬಾಟಲಿಯ ಲೇಬಲ್ ನೆನೆದು ಸುಲಿದು ಬರುತ್ತಿತ್ತು. ಏಳೂವರೆಗೆ ಡಾಕ್ಟರು ಬಂದರು. ಚುಚ್ಚಿದ್ದು ಅವರಲ್ಲ, ಒಳಗಿದ್ದ ಒಬ್ಬ ಹುಡುಗಿ. ಅವಳು ನರ್ಸಿಂಗ್ ಓದಿದ್ದಾಳೋ ಇಲ್ಲವೋ ಯಾರೂ ಕೇಳಲಿಲ್ಲ. ಆ ಹೆಂಗಸು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. 14ನೇ ದಿನದ್ದನ್ನು ಹಾಕಿಸಿಕೊಳ್ಳುವುದೇ ಬೇಡ ಅಂತ ಕೂತುಬಿಟ್ಟಿದ್ದರು. ನಾವು ಬೈದು ಕಳಿಸಿದೆವು. ಬೈಯುವವರಿಲ್ಲದ ಮನೆಗಳಲ್ಲಿ ಏನಾಗುತ್ತದೆ? ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ಗಾಯ ನೋಡಿ ತೀರ್ಮಾನ ಮಾಡುವುದು ಡಾಕ್ಟರ ಕೆಲಸ, ಅದರಲ್ಲಿ ನನ್ನ ತಕರಾರಿಲ್ಲ. ಉಳಿದ ಡೋಸುಗಳನ್ನು ಆ ಫ್ರಿಜ್ಜಿನ ಪಕ್ಕದಲ್ಲೇ, ಅದನ್ನು ತೆಗೆದುಕೊಟ್ಟ ಫಾರ್ಮಸಿಸ್ಟೇ ಹಾಕಿದ್ದರೆ ಲಸಿಕೆಯೂ ಕೆಡುತ್ತಿರಲಿಲ್ಲ, ಕೂಲಿಯೂ ಹೋಗುತ್ತಿರಲಿಲ್ಲ. ಮಾನಸಿಕ ಕಾಯಿಲೆಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗಳ ಕತೆಯೂ ಇದೇ. ಮಗನನ್ನು ಕಷ್ಟಪಟ್ಟು ಒಪ್ಪಿಸಿ, ಎರಡು ಬಸ್ಸು ಬದಲಿಸಿ ಕರೆದುಕೊಂಡು ಬರುವ ತಂದೆ ತಾಯಿಯರನ್ನು ನೀವು ನೋಡಿರುತ್ತೀರಿ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಡಾಕ್ಟರ ಚೀಟಿ ಇದ್ದರೆ ಅದನ್ನೂ ಫಾರ್ಮಸಿಸ್ಟರೇ ಕೊಡುತ್ತಾರೆ.

ನಿಮ್ಮ ಭಯಕ್ಕೂ ಕಾರಣ ಇದೆ, ಒಪ್ಪುತ್ತೇನೆ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ನಕಲಿ ವೈದ್ಯನೊಬ್ಬ ಒಂದೇ ಸೂಜಿ ಎಲ್ಲರಿಗೂ ಚುಚ್ಚಿ ಎಚ್‌ಐವಿ ಹರಡಿದ ಸುದ್ದಿ 2018ರಲ್ಲಿ ಬಂದಿತ್ತು. ಲಸಿಕೆ ಹಾಕಿದ ಮೇಲೆ ಅಪರೂಪಕ್ಕೆ ಒಬ್ಬರಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತದೆ. ಆಗ ಕೈಗೆಟುಕುವಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಇರಬೇಕು, ಅದನ್ನು ತಕ್ಷಣ ಕೊಡುವ ಧೈರ್ಯವೂ ಇರಬೇಕು. ತೋಳಿನಲ್ಲಿ ತೀರಾ ಮೇಲೆ ಚುಚ್ಚಿದರೆ ಭುಜದ ಕೀಲು ತಿಂಗಳುಗಟ್ಟಲೆ ನೋಯುತ್ತದೆ. ಇದೆಲ್ಲ ಕಲಿಸದೆ ಯಾರ ಕೈಗೂ ಸೂಜಿ ಕೊಡಬಾರದು. ಆದರೆ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜಿನಿಂದ ಹೆಪಟೈಟಿಸ್ ಬಿ ಹರಡಿದಾಗ ಪೊಲೀಸರು ಹಿಡಿದವರಲ್ಲಿ ಡಾಕ್ಟರುಗಳೇ ಇದ್ದರು. ಕೈ ಶುದ್ಧವಾಗಿರುವುದು ಕಲಿಕೆಯಿಂದ ಮತ್ತು ಮೇಲ್ವಿಚಾರಣೆಯಿಂದ. ಹೆಸರಿನ ಮುಂದಿನ 'ಡಾ.' ಒಂದೇ ಸಾಲದು.

ನಮ್ಮ ಸರ್ಕಾರಕ್ಕೂ ಇದು ಗೊತ್ತಿಲ್ಲ ಅಂತಲ್ಲ. ಕೋವಿಡ್ ಲಸಿಕೆ ಶುರುವಾಗುವ ಮುಂಚೆ, 2020ರ ಡಿಸೆಂಬರ್‌ನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತು. ಲಸಿಕೆ ಯಾರು ಹಾಕಬಹುದು ಅನ್ನುವ ಪಟ್ಟಿಯಲ್ಲಿ ಡಾಕ್ಟರು, ಸ್ಟಾಫ್ ನರ್ಸ್, ಎಎನ್‌ಎಂ ಜತೆಗೆ ಫಾರ್ಮಸಿಸ್ಟ್ ಕೂಡ ಇದ್ದರು. ಮಹಾಮಾರಿ ಬಂದಾಗ ಬೇಕಾದವರು, ಅದು ಹೋದ ಮೇಲೆ ಮತ್ತೆ ಮಾತ್ರೆ ಮಾರುವವರಾದರು. 1948ರ ಫಾರ್ಮಸಿ ಕಾಯ್ದೆಯಾಗಲಿ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಾಗಲಿ ಅವರಿಗೆ ಸೂಜಿಯ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿಲ್ಲ. ಅಲ್ಲೊಂದು ತಿದ್ದುಪಡಿ ಬೇಕು. ಮೊದಲು ದೊಡ್ಡವರ ಲಸಿಕೆಗಳು ಸಾಕು: ಫ್ಲೂ, ಹೆಪಟೈಟಿಸ್ ಬಿ, ನ್ಯುಮೋನಿಯಾದ ಲಸಿಕೆ, ರೇಬಿಸ್‌ನ ಮುಂದಿನ ಡೋಸುಗಳು. ಜ್ವರಕ್ಕೊಂದು, ಸುಸ್ತಿಗೊಂದು ಇಂಜೆಕ್ಷನ್ ಕೇಳುವ ನಮ್ಮ ಜನರ ಚಾಳಿಗೆ ಇದು ಹೊಸ ಬಾಗಿಲಾಗಬಾರದು. ಆ್ಯಂಟಿಬಯೋಟಿಕ್, ಗ್ಲೂಕೋಸ್ ಬಾಟಲಿ ಇದರೊಳಗೆ ಸೇರಲೇಬಾರದು.

ಇದಕ್ಕಿಂತ ದೊಡ್ಡ ನೋವು ನನಗೆ ಬೇರೆ ಇದೆ. ಫಾರ್ಮಸಿಸ್ಟ್ ಅಂದರೆ ವ್ಯಾಪಾರಿ ಅಂತ ನಿಮಗೆ ಯಾಕೆ ಅನಿಸಿತು? ಯಾಕೆಂದರೆ ನಾವು ಅವರನ್ನು ಹಾಗೆ ಮಾಡಿದ್ದೇವೆ. ಎಷ್ಟೋ ಅಂಗಡಿಗಳಲ್ಲಿ ಗೋಡೆ ಮೇಲೆ ಸರ್ಟಿಫಿಕೇಟ್ ನೇತಾಡುತ್ತದೆ, ಅದರ ಯಜಮಾನರು ಬೇರೆ ಊರಿನಲ್ಲಿರುತ್ತಾರೆ. ಸರ್ಟಿಫಿಕೇಟ್‌ಗೆ ತಿಂಗಳ ಬಾಡಿಗೆ. ಕೌಂಟರಿನಲ್ಲಿ ನಿಂತವನು ಹತ್ತನೇ ಕ್ಲಾಸಿನ ಹುಡುಗ. ಇದು ಎಲ್ಲರಿಗೂ ಗೊತ್ತು, ತಪಾಸಣೆ ಮಾಡುವವರಿಗೂ ಗೊತ್ತು. ನಿಜವಾಗಿ ಓದಿದವರಿಗೆ ಸಿಗುವ ಸಂಬಳ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ಅವರು ಕಂಪನಿಯ ಬ್ಯಾಗು ಹೆಗಲಿಗೇರಿಸಿ ಡಾಕ್ಟರ ಬಾಗಿಲಲ್ಲಿ ಕಾಯುವ ರೆಪ್ ಆಗುತ್ತಾರೆ. ಚೀಟಿ ಇಲ್ಲದೆ ಔಷಧಿ ಕೊಡುವುದಿಲ್ಲ ಅಂದ ಫಾರ್ಮಸಿಸ್ಟನ್ನು ನಾವೇ ಜೋರು ಮಾಡಿ ಪಕ್ಕದ ಅಂಗಡಿಗೆ ಹೋಗುತ್ತೇವೆ, ಅಲ್ವಾ?

ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಹೆಂಗಸೊಬ್ಬರಿದ್ದಾರೆ. ಹೋದ ವಾರ ವಯಸ್ಸಾದವರೊಬ್ಬರು ಎರಡು ಚೀಟಿ ತಂದಿದ್ದರು, ಇಬ್ಬರು ಡಾಕ್ಟರು ಬರೆದದ್ದು. ಆಕೆ ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ ಓದಿ, "ಅಪ್ಪಾಜಿ, ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಎರಡೂ ತಗೊಂಡ್ರೆ ಬಿಪಿ ಇಳಿದು ಬಿದ್ದುಬಿಡ್ತೀರಿ" ಅಂದರು. ಡಾಕ್ಟರಿಗೆ ಫೋನ್ ಮಾಡಿ ಒಂದನ್ನು ಬಿಡಿಸಿದರು. ಅದಕ್ಕೆ ಅವರಿಗೆ ಒಂದು ಪೈಸೆಯೂ ಬರಲಿಲ್ಲ, ಒಂದು ಮಾರಾಟ ಹೋಯಿತು ಅಷ್ಟೇ. ಅವರ ಕೈಯಲ್ಲಿ ನಾನು ಯಾವತ್ತು ಬೇಕಾದರೂ ಲಸಿಕೆ ಹಾಕಿಸಿಕೊಂಡೇನು.

ನಿಮ್ಮದೊಂದು ಕೆಲಸ ಇದೆ ಮೇಷ್ಟ್ರೇ. ನೀವು ಪ್ರತಿ ತಿಂಗಳು ಬಿಪಿ ಮಾತ್ರೆ ತರುವ ಅಂಗಡಿಗೆ ಹೋಗಿ "ಇಲ್ಲಿ ಫಾರ್ಮಸಿಸ್ಟ್ ಯಾರು?" ಅಂತ ಕೇಳಿ. ಗೋಡೆ ಮೇಲಿನ ಸರ್ಟಿಫಿಕೇಟ್‌ನಲ್ಲಿರುವ ಹೆಸರಿನವರೇ ಎದುರಿಗೆ ಬರಬೇಕು. ಬಂದರೆ ಅವರ ಹತ್ತಿರ ಹತ್ತು ನಿಮಿಷ ಮಾತಾಡಿ, ಲಸಿಕೆಯ ಬಗ್ಗೆಯೂ ಕೇಳಿ. ಯಾರೂ ಬರದಿದ್ದರೆ ಅದನ್ನೂ ಬರೆದು ಕಳಿಸಿ. ಎರಡರಲ್ಲಿ ಯಾವುದಾದರೂ ಸರಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಕಾಗದವನ್ನು ಪೂರ್ತಿಯಾಗಿ ಹಾಕುತ್ತೇನೆ.

— ಸಂಪಾದಕ